ಸುದ್ದಿ ಮೊದಲು ಯಾರಿಗೆ ಹೋಗಬೇಕು?

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 90 ವರ್ಷ ದಾಟಿದ 110 ಜನರನ್ನು ಒಂದು ವರ್ಷ ಹತ್ತಿರದಿಂದ ಗಮನಿಸಿದ ಅಧ್ಯಯನ ಒಂದಿದೆ. 2008ರಲ್ಲಿ ಪ್ರಕಟವಾಯಿತು. ಆ ವರ್ಷದಲ್ಲಿ ಅವರ ಪೈಕಿ 66 ಜನ ಒಮ್ಮೆಯಾದರೂ ಬಿದ್ದರು. ಬಿದ್ದವರಲ್ಲಿ 53 ಜನರಿಗೆ ಒಂದು ಸಲವಾದರೂ ತಾವಾಗಿಯೇ ಏಳಲು ಆಗಲಿಲ್ಲ. 20 ಜನ ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೇ ಇದ್ದರು. ಇಷ್ಟು ಓದಿದ ಕೂಡಲೇ ಯಾರಿಗಾದರೂ ಹೊಳೆಯುವುದು ಒಂದೇ ಪರಿಹಾರ: ಕೊರಳಿಗೆ ಸಹಾಯಕ್ಕೆ ಕರೆ ಕಳಿಸುವ ಒಂದು ಬಟನ್ ಹಾಕಿಬಿಡೋಣ, ಬಿದ್ದರೆ ಒತ್ತಲಿ. ಆದರೆ ಅವರಲ್ಲಿ ಬಹಳ ಜನರ ಹತ್ತಿರ ಆ ಬಟನ್ ಆಗಲೇ ಇತ್ತು. ಗಂಟೆಗಟ್ಟಲೆ ನೆಲದಲ್ಲಿ ಬಿದ್ದಿದ್ದ ಸಂದರ್ಭಗಳಲ್ಲೂ ಹೆಚ್ಚಿನ ಸಲ ಅದನ್ನು ಯಾರೂ ಒತ್ತಿರಲಿಲ್ಲ.

ಹಿರಿಯರಿಗಾಗಿ ಆರೋಗ್ಯದ ಆ್ಯಪ್, ಸೆನ್ಸರ್, ಅಲಾರಂ ವಿನ್ಯಾಸ ಮಾಡುವ ಕೆಲಸದಲ್ಲಿ ನಾನೂ ಇದ್ದೇನೆ. ಈ ಅಧ್ಯಯನ ನನ್ನನ್ನು ಬಿಟ್ಟಿಲ್ಲ. ಏಕೆಂದರೆ ಬೀಳುವುದಕ್ಕಿಂತ, ಬಿದ್ದ ಮೇಲೆ ನೆಲದಲ್ಲೇ ಉಳಿಯುವುದು ಎಷ್ಟೋ ಸಲ ಜಾಸ್ತಿ ಅಪಾಯ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿದ್ದಿದ್ದರೆ ಮೈಭಾರಕ್ಕೆ ಸಿಕ್ಕ ಸ್ನಾಯುಗಳು ಕರಗಲು ಶುರುವಾಗುತ್ತವೆ. ಅದರಿಂದ ಬಿಡುಗಡೆಯಾದ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಚರ್ಮ ಹುಣ್ಣಾಗುತ್ತದೆ. ನೀರಿಲ್ಲದೆ ದೇಹ ಒಣಗುತ್ತದೆ. ತಣ್ಣನೆ ನೆಲದಲ್ಲಿ ಮೈಯ ಶಾಖ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅದರಲ್ಲಿ ದೊಡ್ಡ ಪಾಲು 60 ದಾಟಿದವರದು. ಇಷ್ಟೆಲ್ಲ ಅಪಾಯ ಇದ್ದೂ, ಬಟನ್ ಕೈಗೆ ಸಿಗುವಂತಿದ್ದೂ, ಅವರು ಯಾಕೆ ಒತ್ತಲಿಲ್ಲ?

ಅಧ್ಯಯನದಲ್ಲಿ ಕಾರಣಗಳೂ ಇವೆ. ಕೆಲವರಿಗೆ ಅದು ತಮಗೆ ಸಂಬಂಧಿಸಿದ್ದೇ ಅಲ್ಲ ಅನ್ನಿಸಿತ್ತು. ಕೆಲವರಿಗೆ ಬಳಸುವ ತೊಡಕು. ಇನ್ನು ಕೆಲವರಿಗೆ, ಇದರಿಂದ ತಮ್ಮ ಸ್ವತಂತ್ರ ಬದುಕು ಹೋಗಿಬಿಡುತ್ತದೆ ಎಂಬ ಅಳುಕು. ನಾನು ಮಾತಾಡಿಸಿದ ಹಿರಿಯರು ಈ ಮೂರನೆಯದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದ್ದಾರೆ. "ಸುಮ್ನೆ ಯಾಕೆ ಎಲ್ಲರಿಗೂ ಗಾಬರಿ ಮಾಡೋದು" ಅನ್ನುತ್ತಾರೆ. ಅದರ ಹಿಂದಿನ ಲೆಕ್ಕಾಚಾರ ಅವರಿಗೆ ಚೆನ್ನಾಗಿ ಗೊತ್ತಿದೆ. ಬಟನ್ ಒತ್ತಿದರೆ ಕಾಲ್ ಸೆಂಟರ್‌ಗೆ ಸುದ್ದಿ. ಅಲ್ಲಿಂದ ಮಗನಿಗೋ ಮಗಳಿಗೋ. ಅಲ್ಲಿಂದ ಆಂಬುಲೆನ್ಸ್. ಅಲ್ಲಿಂದ ಆಸ್ಪತ್ರೆ. ಆಸ್ಪತ್ರೆಯಿಂದ ಬಿಡುವಾಗ ಮನೆಯವರೆಲ್ಲ ಸೇರಿ ಒಂದು ಮಾತು ಹೇಳುತ್ತಾರೆ: ಇನ್ನು ನೀವು ಒಬ್ಬರೇ ಇರೋದು ಬೇಡ. ಒಂದು ಸಲ ಒತ್ತಿದ ಮೇಲೆ ಈ ಸರಪಳಿಯ ಯಾವ ಕೊಂಡಿಯೂ ಅವರ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಅವರು ಕುರ್ಚಿಯ ಕಾಲು ಹಿಡಿದು, ಗೋಡೆಗೆ ಒರಗಿ, ಇನ್ನೊಂದು ಸಲ ಏಳಲು ನೋಡುತ್ತಾರೆ.

ಇದನ್ನು ಹಟ ಎಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. ಅವರು ನಮ್ಮ ವಿನ್ಯಾಸವನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಆದ್ದರಿಂದ ಈಗ ಯಾವ ಹೊಸ ಸಾಧನ ಕಂಡರೂ ನಾನು ಮೊದಲು ಕೇಳುವ ಪ್ರಶ್ನೆ ಇಷ್ಟೇ: ಇದರ ಸುದ್ದಿ ಮೊದಲು ಯಾರಿಗೆ ಹೋಗುತ್ತದೆ?

ಈ ಬಟನ್‌ಗೆ ಅರ್ಧ ಶತಮಾನ ಆಗಿದೆ. 1970ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ವಿಲ್ಹೆಲ್ಮ್ ಹಾರ್ಮನ್ ಅವರು ಮನೆಯಿಂದ ತುರ್ತು ಕರೆ ಮಾಡುವ ವ್ಯವಸ್ಥೆಯನ್ನು ರೂಪಿಸಿದರು. ಅಮೆರಿಕದಲ್ಲಿ 1974ರಲ್ಲಿ ಆಂಡ್ರ್ಯೂ ಡಿಬ್ನರ್ ಎಂಬ ಮನೋವಿಜ್ಞಾನಿ ಇಂಥದ್ದೇ ಸೇವೆ ನೀಡುವ ಕಂಪನಿ ಶುರು ಮಾಡಿದರು. ಆಮೇಲೆ ಬಟನ್ ವಾಚ್‌ಗೆ ಬಂತು, ಗೋಡೆಯ ಸೆನ್ಸರ್ ಆಯಿತು, ಈಗ ಕ್ಯಾಮೆರಾ, ರಾಡಾರ್ ತನಕ ಬಂದಿದೆ. ಆದರೆ ಸುದ್ದಿ ಹರಿಯುವ ದಿಕ್ಕು ಬಹುಪಾಲು ಹಾಗೇ ಉಳಿದಿದೆ. ಹಿರಿಯರ ಮೈಯಿಂದ ಹೊರಡುತ್ತದೆ, ಬೇರೆಯವರ ಪರದೆಗೆ ಹೋಗುತ್ತದೆ.

ಸ್ವತಂತ್ರವಾಗಿ ಬದುಕುವುದು ಅಂದರೇನು ಎಂಬುದಕ್ಕೆ ವೈದ್ಯಕೀಯದಲ್ಲಿ ಎರಡು ಹಳೆಯ ಅಳತೆಗೋಲುಗಳಿವೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಜೊತೆಗಾರರು 1963ರಲ್ಲಿ ಆರು ಕೆಲಸಗಳನ್ನು ಪಟ್ಟಿ ಮಾಡಿದರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಯವರೆಗೆ ಉಳಿಯುವುದು ಊಟ. ಇದನ್ನು ತಿಳಿದವರು ಕೊರಳ ಬಟನ್ ವಿನ್ಯಾಸ ಮಾಡಿದ್ದರೆ ಬಚ್ಚಲುಮನೆಯಿಂದಲೇ ಶುರು ಮಾಡುತ್ತಿದ್ದರು. ಏಕೆಂದರೆ ಜಾರುವ ಭಯ ಅತಿ ಹೆಚ್ಚಿರುವ ಜಾಗ ಅದು, ಮತ್ತು ಎಷ್ಟೋ ಜನ ಬಟನ್ ತೆಗೆದಿಟ್ಟು ಹೋಗುವ ಜಾಗವೂ ಅದೇ. ನೀರು ತಾಗಿದರೂ ಏನೂ ಆಗುವುದಿಲ್ಲ ಎಂದು ಕೈಪಿಡಿಯಲ್ಲಿ ಬರೆದಿದ್ದರೂ ತೆಗೆದೇ ಇಡುತ್ತಾರೆ. ಸ್ನಾನಕ್ಕೆ ಹೋಗುವಾಗ ಮೈಮೇಲಿನದನ್ನು ತೆಗೆದಿಡುವುದು ಒಂದು ಜೀವಮಾನದ ಅಭ್ಯಾಸ, ಅಲ್ವಾ?

ಎರಡನೆಯದು ಅಮೆರಿಕದ ಸಂಶೋಧಕರಾದ ಪೊವೆಲ್ ಲಾಟನ್ ಮತ್ತು ಎಲೇನ್ ಬ್ರೋಡಿ 1969ರಲ್ಲಿ ಕೊಟ್ಟಿದ್ದು. ಫೋನ್ ಬಳಸುವುದು, ಅಂಗಡಿ ಕೆಲಸ, ಅಡುಗೆ, ಮನೆ ಕೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣದ ವ್ಯವಹಾರ. ಒಬ್ಬರೇ ಬದುಕಲು ಬೇಕಾದ ಎಂಟು ಕೆಲಸಗಳು. ಗಮನಿಸಿ ನೋಡಿದರೆ ಈ ಎಂಟರಲ್ಲಿ ಎಷ್ಟೋ ಕೆಲಸಗಳು ಈಗ ಒಂದೇ ಮೊಬೈಲ್ ಒಳಗೆ ಸೇರಿವೆ. ಬ್ಯಾಂಕು, ಆರ್ಡರ್, ಟ್ಯಾಕ್ಸಿ, ವೈದ್ಯರ ಅಪಾಯಿಂಟ್‌ಮೆಂಟ್ ಎಲ್ಲ. ಮೊಬೈಲ್ ಕೈಕೊಟ್ಟರೆ ಇವೆಲ್ಲ ಒಟ್ಟಿಗೇ ಕೈಕೊಡುತ್ತವೆ. ಲಾಗಿನ್ ಆಗಲು 30 ಸೆಕೆಂಡಿನಲ್ಲಿ ಟೈಪ್ ಮಾಡಬೇಕಾದ ಒಟಿಪಿಯನ್ನು ನೆನಪಿಟ್ಟುಕೊಂಡು ಇನ್ನೊಂದು ಪರದೆಗೆ ಹೋಗಲು ಆಗದಿದ್ದರೆ, ತನ್ನ ಹಣವನ್ನು ತಾನೇ ನೋಡಿಕೊಳ್ಳುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಬೇರೆಯವರ ಕೈ ನೋಡಬೇಕಾಗುತ್ತದೆ. ಅವರ ದೇಹದಲ್ಲಿ, ಬುದ್ಧಿಯಲ್ಲಿ ಏನೂ ಬದಲಾಗಿರುವುದಿಲ್ಲ. ಬದಲಾಗಿದ್ದು ಪರದೆ ಮಾತ್ರ.

ಇದೇ ಲಾಟನ್ ಅವರು ಲೂಸಿಲ್ ನಹೆಮೋವ್ ಜೊತೆ ಸೇರಿ 1973ರಲ್ಲಿ ಇನ್ನೊಂದು ಮುಖ್ಯ ವಿಚಾರ ಮುಂದಿಟ್ಟರು. ಸುತ್ತಲಿನ ಪರಿಸರ ನಮ್ಮಿಂದ ಏನೋ ಒಂದನ್ನು ಕೇಳುತ್ತಲೇ ಇರುತ್ತದೆ. ಅದು ನಮ್ಮ ಶಕ್ತಿಗೆ ಮೀರಿದರೆ ಕಷ್ಟ. ಆದರೆ ತೀರಾ ಕಡಿಮೆ ಕೇಳಿದರೂ ಕಷ್ಟವೇ, ಇರುವ ಶಕ್ತಿಯೂ ಬಳಕೆಯಿಲ್ಲದೆ ಕುಗ್ಗುತ್ತದೆ. ಎಲ್ಲವನ್ನೂ ತಾನೇ ಮಾಡಿಕೊಡುವ ಸಾಧನ ಒಳ್ಳೆಯ ಸಾಧನ ಎಂಬ ನಂಬಿಕೆಗೆ ಇದು ಸರಿಯಾದ ಉತ್ತರ. 1976ರಲ್ಲಿ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಒಂದು ವೃದ್ಧಾಶ್ರಮದಲ್ಲಿ ನಡೆಸಿದ ಪ್ರಯೋಗವೂ ಇದೇ ದಾರಿಯದು. ಒಂದು ಗುಂಪಿಗೆ, ನಿಮ್ಮ ದಿನ ಹೇಗಿರಬೇಕೆಂದು ನೀವೇ ತೀರ್ಮಾನಿಸಿ ಎಂದು ಹೇಳಿ, ನೋಡಿಕೊಳ್ಳಲು ಒಂದು ಗಿಡ ಕೊಟ್ಟರು. ಇನ್ನೊಂದು ಗುಂಪಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದರಿಂದ ಹಿಡಿದು ಎಲ್ಲವನ್ನೂ ಸಿಬ್ಬಂದಿ ನೋಡಿಕೊಳ್ಳುತ್ತಾರೆ ಎಂದರು. ಕೆಲವು ವಾರಗಳಲ್ಲೇ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಕಂಡರು.

ಈಗ ನನ್ನ ದೊಡ್ಡಮ್ಮನ ಮಾತ್ರೆ ಪೆಟ್ಟಿಗೆಯ ವಿಷಯ ಹೇಳಬೇಕು.

ಎಂಬತ್ತು ದಾಟಿದ ಅವರು ಒಬ್ಬರೇ ಇರುತ್ತಾರೆ. ಬಿಪಿಗೆ, ಶುಗರ್‌ಗೆ, ಥೈರಾಯ್ಡ್‌ಗೆ ಮಾತ್ರೆಗಳಿವೆ. ದೂರದಲ್ಲಿರುವ ಮಗ ಪ್ರೀತಿಯಿಂದಲೇ ಒಂದು ಸ್ಮಾರ್ಟ್ ಪೆಟ್ಟಿಗೆ ತಂದುಕೊಟ್ಟ. ಹೊತ್ತಿಗೆ ಸರಿಯಾಗಿ ಪೀಪ್ ಅನ್ನುತ್ತದೆ, ಮುಚ್ಚಳ ತೆರೆದರೆ ಸುಮ್ಮನಾಗುತ್ತದೆ. ತೆರೆಯದಿದ್ದರೆ ಮಗನ ಫೋನ್‌ಗೆ ಕೆಂಪು ಬಣ್ಣದಲ್ಲಿ ಸಂದೇಶ ಹೋಗುತ್ತದೆ. ದೊಡ್ಡಮ್ಮನ ಬೆಳಗು ಗಡಿಯಾರದಂತೆ ನಡೆಯುವುದಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ ಬೆಳಿಗ್ಗೆ ತಡವಾಗಿ ಏಳುತ್ತಾರೆ. ಶುಗರ್ ಮಾತ್ರೆಯನ್ನು ತಿಂಡಿಯ ಜೊತೆಗೇ ತಗೊಳ್ಳಿ ಎಂದು ವೈದ್ಯರು ಹೇಳಿದ್ದಾರೆ, ಹಾಗಾಗಿ ತಿಂಡಿ ತಡವಾದರೆ ಮಾತ್ರೆಯೂ ತಡ. ಅದು ಸರಿಯಾದ ಕ್ರಮವೇ. ಆದರೆ ಪೆಟ್ಟಿಗೆಗೆ ತಿಂಡಿಯ ವಿಷಯ ಗೊತ್ತಿಲ್ಲ. ಕೆಂಪು ಸಂದೇಶ ಹೋಗುತ್ತಿತ್ತು, ಮಗ ಆಫೀಸಿನಿಂದ ಗಾಬರಿಯಲ್ಲಿ ಫೋನ್ ಮಾಡುತ್ತಿದ್ದ, ದೊಡ್ಡಮ್ಮ ಪ್ರತಿ ಸಲವೂ ವಿವರಣೆ ಕೊಡಬೇಕಾಗುತ್ತಿತ್ತು.

ಸ್ವಲ್ಪ ದಿನಕ್ಕೆ ಕೆಂಪು ಸಂದೇಶಗಳು ಪೂರ್ತಿ ನಿಂತವು. ಆ್ಯಪ್‌ನಲ್ಲಿ ವಾರದ ಎಲ್ಲ ಚೌಕಗಳೂ ಹಸಿರು. ಮಗನಿಗೆ ನೆಮ್ಮದಿ. ನಾನು ಅವರ ಮನೆಯಲ್ಲಿ ಉಳಿದುಕೊಂಡಿದ್ದಾಗ ಆ ಹಸಿರಿನ ಗುಟ್ಟು ಕಾಣಿಸಿತು. ಪೆಟ್ಟಿಗೆ ಪೀಪ್ ಅಂದ ತಕ್ಷಣ ದೊಡ್ಡಮ್ಮ ಮಲಗಿದ್ದಲ್ಲಿಂದ ಎದ್ದು ಬಂದರು. ಮುಚ್ಚಳ ತೆರೆದರು. ಮಾತ್ರೆಗಳನ್ನು ಒಂದು ಚಿಕ್ಕ ಬಟ್ಟಲಿಗೆ ಸುರಿದು, ಮೇಜಿನ ಮೇಲಿಟ್ಟು, ಮತ್ತೆ ಹೋಗಿ ಮಲಗಿದರು. ಬೇರೆ ಬೇರೆ ಹೊತ್ತಿನ ಮಾತ್ರೆಗಳು ಆ ಬಟ್ಟಲಿನಲ್ಲಿ ಬೆರೆಯುವ ಸಾಧ್ಯತೆ ಇತ್ತು. ಪೆಟ್ಟಿಗೆ ಬರುವ ಮೊದಲು ಅವರು ಬೆಳಗಿನದನ್ನು ಕನ್ನಡಿಯ ಹತ್ತಿರ, ರಾತ್ರಿಯದನ್ನು ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು, ಅದು ಚೆನ್ನಾಗೇ ನಡೆದಿತ್ತು. ಈಗ ಹಳೆಯ ಕ್ರಮ ಹೋಗಿತ್ತು, ಹೊಸದು ಮಗನ ಪರದೆಗಾಗಿ ನಡೆಯುತ್ತಿತ್ತು.

ಅವರು ಮೋಸ ಮಾಡುತ್ತಿರಲಿಲ್ಲ. ಮಗ ಗಾಬರಿಯಾಗಬಾರದು ಎಂದು ನೋಡಿಕೊಳ್ಳುತ್ತಿದ್ದರು. ಎಂಬತ್ತು ದಾಟಿದ ತಾಯಿ, ದೂರದಲ್ಲಿರುವ ಮಗನ ಮನಸ್ಸಿನ ಆರೈಕೆ ಮಾಡುತ್ತಿದ್ದರು. ಸಾಧನದ ಅಂಕಿಅಂಶ ಮಾತ್ರ ನೂರಕ್ಕೆ ನೂರು. ದೀರ್ಘ ಕಾಯಿಲೆಗಳ ಔಷಧಿಯನ್ನು ಶ್ರೀಮಂತ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಜನ ಮಾತ್ರ ಹೇಳಿದಂತೆ ತಗೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಆ ಅಂಕಿ ಇಟ್ಟುಕೊಂಡು ಪೆಟ್ಟಿಗೆಗಳು ಮಾರಾಟವಾಗುತ್ತವೆ. ಆದರೆ ಮುಚ್ಚಳ ತೆರೆದದ್ದಕ್ಕೂ ಮಾತ್ರೆ ನುಂಗಿದ್ದಕ್ಕೂ ನಡುವೆ ಇರುವ ಅಂತರವನ್ನು ಯಾವ ಸೆನ್ಸರ್ ಕೂಡ ಅಷ್ಟು ಸುಲಭವಾಗಿ ದಾಟಲಾರದು. ಆ ಅಂತರದಲ್ಲಿ ಇರುವುದು ಒಬ್ಬ ಮನುಷ್ಯ, ಅವರ ಕಾರಣಗಳು.

ಆಮೇಲೆ ಮೂವರೂ ಕೂತು ಮಾತಾಡಿ ಸೆಟ್ಟಿಂಗ್ ಬದಲಿಸಿದೆವು. ಪೀಪ್ ಶಬ್ದದ ಬದಲು ದೊಡ್ಡಮ್ಮನ ಫೋನ್‌ಗೇ ಒಂದು ಪ್ರಶ್ನೆ ಬರುತ್ತದೆ. "ತಗೊಂಡೆ", "ಆಮೇಲೆ ತಗೋತೀನಿ", "ಇವತ್ತು ಬೇಡ" ಎಂಬ ಮೂರು ದೊಡ್ಡ ಬಟನ್‌ಗಳು. ಮೂರರಲ್ಲಿ ಯಾವುದನ್ನು ಒತ್ತಿದರೂ ಮಗನಿಗೆ ಏನೂ ಹೋಗುವುದಿಲ್ಲ. ಮಧ್ಯಾಹ್ನದವರೆಗೂ ಯಾವ ಉತ್ತರವೂ ಇಲ್ಲದಿದ್ದರೆ ಮಾತ್ರ ಹೋಗುತ್ತದೆ. "ಇವತ್ತು ಬೇಡ" ಎಂಬುದನ್ನು ಸೇರಿಸಲು ಮಗ ಸುಲಭವಾಗಿ ಒಪ್ಪಲಿಲ್ಲ. ಆದರೆ ಅದನ್ನು ಸೇರಿಸಿದ ಮೇಲೆಯೇ ಒಂದು ಮಾತ್ರೆಯಿಂದ ಅವರಿಗೆ ತಲೆ ಸುತ್ತುತ್ತಿದೆ ಎಂಬುದು ಗೊತ್ತಾಗಿದ್ದು. ವಾರದಲ್ಲಿ ಒಂದೇ ಮಾತ್ರೆಗೆ ಪದೇ ಪದೇ "ಬೇಡ" ಬಿದ್ದಿತ್ತು. ವೈದ್ಯರು ಡೋಸ್ ಕಡಿಮೆ ಮಾಡಿದರು. ಹಸಿರು ಚೌಕಗಳಿಂದ ಇದು ಯಾವತ್ತೂ ಹೊರಬರುತ್ತಿರಲಿಲ್ಲ.

ಸುದ್ದಿ ಮೊದಲು ಅವರಿಗೇ ಹೋಗಬೇಕು ಅನ್ನುವುದು ಬರೀ ಗೌರವದ ಮಾತು ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ, ಅದರಲ್ಲಿ ಲೆಕ್ಕವೂ ಇದೆ. ಒಂದು ಉದಾಹರಣೆ ಊಹಿಸಿಕೊಳ್ಳಿ. ಒಬ್ಬರು ವರ್ಷಕ್ಕೆ ಒಂದು ಸಲ ಬೀಳುತ್ತಾರೆ. ಅವರ ಮನೆಯ ಸೆನ್ಸರ್ ವಾರಕ್ಕೆ ಒಂದೇ ಒಂದು ಸಲ ತಪ್ಪು ಮಾಡುತ್ತದೆ. ಕುರ್ಚಿಗೆ ದೊಪ್ಪನೆ ಕೂತಿದ್ದನ್ನೋ, ಕೈಯಿಂದ ಪುಸ್ತಕ ಜಾರಿದ್ದನ್ನೋ ಬಿದ್ದದ್ದು ಅಂದುಕೊಳ್ಳುತ್ತದೆ. ವಾರಕ್ಕೊಂದು ತಪ್ಪು ಅಂದರೆ ಬಹಳ ಒಳ್ಳೆಯ ಸೆನ್ಸರ್ ಅನ್ನಿಸುತ್ತದೆ. ಆದರೆ ವರ್ಷಕ್ಕೆ 52 ಸುಳ್ಳು ಕರೆ, ಒಂದು ನಿಜ. ಹತ್ತನೆಯ ಸುಳ್ಳು ಕರೆಗೇ ಮನೆಯವರು ಫೋನನ್ನು ಸೈಲೆಂಟ್ ಮಾಡಿರುತ್ತಾರೆ. ನಿಜವಾದದ್ದು ಬಂದಾಗ ನೋಡುವವರು ಯಾರು? ಅದೇ ಸೆನ್ಸರ್ ಮೊದಲು ಆ ಮನುಷ್ಯರನ್ನೇ "ಬಿದ್ದಿರಾ? ಸಹಾಯ ಬೇಕಾ?" ಎಂದು ಕೇಳಿದರೆ, ಹೆಚ್ಚಿನ ಸುಳ್ಳು ಕರೆಗಳು ಅಲ್ಲೇ ಮುಗಿಯುತ್ತವೆ. ಆ್ಯಪಲ್ ವಾಚ್‌ನಲ್ಲಿ 2018ರಿಂದ ಇರುವ ಕ್ರಮ ಹೆಚ್ಚುಕಡಿಮೆ ಹೀಗೇ ಇದೆ. ಜೋರಾಗಿ ಬಿದ್ದದ್ದು ಗೊತ್ತಾದರೆ ಮೊದಲು ಮಣಿಕಟ್ಟನ್ನು ತಟ್ಟಿ ಕೇಳುತ್ತದೆ. ಸುಮಾರು ಒಂದು ನಿಮಿಷ ಅಲುಗಾಟವೇ ಇಲ್ಲದಿದ್ದರೆ ಮಾತ್ರ ತಾನಾಗಿ ತುರ್ತು ಕರೆ ಮಾಡುತ್ತದೆ. ಆ ಒಂದು ನಿಮಿಷದ ಕಾಯುವಿಕೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಆದರೆ ಮೊದಲು ಅವರನ್ನೇ ಕೇಳಬೇಕಾದರೆ, ಆ ಪ್ರಶ್ನೆ ಅವರ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು. ಇಲ್ಲಿ ಎಷ್ಟೋ ಒಳ್ಳೆಯ ಉದ್ದೇಶಗಳು ಮುಗ್ಗರಿಸುತ್ತವೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸ್ವರಗಳನ್ನು. ಸಾಮಾನ್ಯ ಹೊಗೆ ಅಲಾರಂ ಕೂಗುವುದು ಸುಮಾರು 3,100 ಹರ್ಟ್ಸ್‌ನಲ್ಲಿ, ಅಂದರೆ ವಯಸ್ಸಾದ ಕಿವಿ ಮಂದವಾಗಿರುವ ಭಾಗದಲ್ಲೇ. 520 ಹರ್ಟ್ಸ್‌ನ ದಪ್ಪ ಸ್ವರ ಕಿವಿ ಮಂದ ಇರುವವರನ್ನು ನಿದ್ದೆಯಿಂದ ಎಬ್ಬಿಸುವುದರಲ್ಲಿ ಅದಕ್ಕಿಂತ ಎಷ್ಟೋ ಮೇಲು ಎಂದು ಸಂಶೋಧನೆಗಳು ತೋರಿಸಿವೆ. ಹಾಗಿದ್ದೂ ಆರೋಗ್ಯದ ಸಾಧನಗಳು ಇವತ್ತಿಗೂ ಕೀರಲಾಗಿ ಪೀಪ್ ಅನ್ನುತ್ತಲೇ ಇವೆ, ಏಕೆಂದರೆ ಆ ಶಬ್ದಕ್ಕೆ ಬೇಕಾದ ಪುಟ್ಟ ಬಜರ್ ಅಗ್ಗ. ಕಣ್ಣಿನ ಮಸೂರ ಹಳದಿಯಾಗುತ್ತಾ ಹೋಗುತ್ತದೆ, ನೀಲಿ ಬಣ್ಣಗಳು ಒಂದಕ್ಕೊಂದು ಬೆರೆತಂತೆ ಕಾಣುತ್ತವೆ. ಬೂದು ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಇಡುವುದು ಫ್ಯಾಷನ್ ಆಗಿದೆ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಇರಲಿ ಎಂದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ ಬಹಳ ಹಿಂದೆಯೇ ಹೇಳಿದೆ. ಬೆರಳಿನ ಚರ್ಮ ಒಣಗಿದ್ದರೆ ಟಚ್‌ಸ್ಕ್ರೀನ್ ಗುರುತಿಸುವುದಿಲ್ಲ. ಕೈ ನಡುಗಿದರೆ ಒಂದು ಒತ್ತು ಎರಡಾಗುತ್ತದೆ. ನಿಧಾನವಾಗಿ ಒತ್ತಿದರೆ ಬೇರೆಯೇ ಮೆನು ತೆರೆದುಕೊಳ್ಳುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ನೋವಾಗುವುದು ಅಪ್‌ಡೇಟ್‌ಗಳ ವಿಷಯದಲ್ಲಿ. ಒಬ್ಬ ಹಿರಿಯರು ತಿಂಗಳುಗಟ್ಟಲೆ ಕಷ್ಟಪಟ್ಟು ಒಂದು ಆ್ಯಪ್ ಕಲಿತಿರುತ್ತಾರೆ. ಕೆಳಗೆ ಎಡಗಡೆಯ ಹಸಿರು ಗುರುತು ಒತ್ತಿದರೆ ವೈದ್ಯರ ಪುಟ ಎಂದು ಬೆರಳಿಗೇ ನೆನಪಾಗಿರುತ್ತದೆ. ಒಂದು ರಾತ್ರಿ ಕಳೆಯುವಷ್ಟರಲ್ಲಿ ಆ ಗುರುತು ಮೇಲೆ ಬಲಗಡೆಗೆ ಹೋಗಿ ನೀಲಿಯಾಗಿರುತ್ತದೆ. ಕೇಳಿದರೆ, ಹೊಸ ವಿನ್ಯಾಸ ಚೆನ್ನಾಗಿದೆ ಎಂದು ತಂಡ ಹೇಳುತ್ತದೆ. ಕಲಿತದ್ದನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಹಳೆಯ ಪರದೆಯನ್ನೇ ಇಟ್ಟುಕೊಳ್ಳುವ ಆಯ್ಕೆ ಕೊಡುವುದು ತಾಂತ್ರಿಕವಾಗಿ ತಲೆನೋವೇ, ಒಪ್ಪುತ್ತೇನೆ. ಆದರೂ ಕೊಡಬೇಕು.

ಚೆನ್ನಾಗಿ ಯೋಚಿಸಿದ ಸಾಧನಗಳು ಇಲ್ಲವೇ ಇಲ್ಲ ಎಂದಲ್ಲ. ಜಪಾನಿನ ಜೋಜಿರುಶಿ ಕಂಪನಿ 2001ರಲ್ಲಿ ಒಂದು ನೀರು ಕಾಯಿಸುವ ಎಲೆಕ್ಟ್ರಿಕ್ ಪಾತ್ರೆ ತಂದಿತು. ಒಳಗೆ ಒಂದು ವೈರ್‌ಲೆಸ್ ಸಾಧನ. ಹಿರಿಯರು ನೀರು ಬಗ್ಗಿಸಿಕೊಂಡಾಗ ಅದು ದಾಖಲಾಗುತ್ತದೆ, ದೂರದ ಮನೆಯವರಿಗೆ ಇಮೇಲ್ ಹೋಗುತ್ತದೆ. ಕ್ಯಾಮೆರಾ ಇಲ್ಲ, ಮೈಗೆ ಕಟ್ಟಿಕೊಳ್ಳುವುದು ಇಲ್ಲ, ಕಲಿಯುವುದೂ ಇಲ್ಲ. ದಿನವೂ ಮಾಡುವ ಕೆಲಸವೇ "ಚೆನ್ನಾಗಿದ್ದೇನೆ" ಎಂಬ ಸುದ್ದಿಯಾಗುತ್ತದೆ. ಅದೇ ವರ್ಷ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಎಲಿಜಬೆತ್ ಮೈನಟ್ ಮತ್ತು ಜೊತೆಗಾರರು ಒಂದು ಫೋಟೋ ಫ್ರೇಮ್‌ನ ವಿಚಾರ ಮುಂದಿಟ್ಟರು. ಮಧ್ಯೆ ತಾಯಿಯ ಅಥವಾ ಅಜ್ಜಿಯ ಫೋಟೋ, ಸುತ್ತ ಚಿಟ್ಟೆಗಳಂಥ ಚಿತ್ರಗಳು. ಹಿರಿಯರ ಮನೆಯಲ್ಲಿ ಆ ದಿನ ಓಡಾಟ ಎಷ್ಟಿತ್ತು ಎಂಬುದಕ್ಕೆ ತಕ್ಕಂತೆ ಚಿತ್ರಗಳು ಬದಲಾಗುತ್ತವೆ. ಎಷ್ಟು ಗಂಟೆಗೆ ಶೌಚಕ್ಕೆ ಹೋದರು, ಎಷ್ಟು ಹೊತ್ತು ಮಲಗಿದರು ಎಂಬ ವಿವರ ಯಾವುದೂ ಕಾಣುವುದಿಲ್ಲ. ಕಾಳಜಿಗೆ ಬೇಕಾದಷ್ಟು ಮಾತ್ರ ತಿಳಿಯುತ್ತದೆ. ಈ ಅಳತೆ ಗೊತ್ತಿರುವ ವಿನ್ಯಾಸಕಾರರನ್ನು ಕಂಡರೆ ನನಗೆ ಗೌರವ. ಆದರೆ ಇವೆರಡರಲ್ಲೂ ಸುದ್ದಿ ಹೊರಗೆ ಹೋಗುವುದಕ್ಕೇ ಇರುವುದು. ಹಿರಿಯರ ಮನೆಯಲ್ಲಿ ಮಗಳ ದಿನ ಹೇಗಿತ್ತು ಎಂದು ಹೇಳುವ ಇನ್ನೊಂದು ಫ್ರೇಮ್ ಇರಬೇಕು ಎಂಬುದು ನನ್ನ ಆಸೆ. ನೋಡುವುದು ಎರಡೂ ಕಡೆಯಿಂದ ನಡೆದರೆ ಅದು ಕಾವಲು ಅನ್ನಿಸುವುದಿಲ್ಲ.

ದೊಡ್ಡ ಮಟ್ಟದಲ್ಲಿ ಇದನ್ನೆಲ್ಲ ಪರೀಕ್ಷಿಸಿದ್ದು ಇಂಗ್ಲೆಂಡಿನಲ್ಲಿ. 2008ರಲ್ಲಿ ಕಾರ್ನ್‌ವಾಲ್, ಕೆಂಟ್ ಮತ್ತು ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ ಶುರುವಾದ ಪ್ರಯೋಗ ಅದು. ಡಯಾಬಿಟಿಸ್, ಹೃದಯ, ಶ್ವಾಸಕೋಶದ ಕಾಯಿಲೆ ಇದ್ದ 3,230 ಜನರ ಮೇಲೆ ದೂರದಿಂದ ಆರೋಗ್ಯ ಗಮನಿಸುವ ವ್ಯವಸ್ಥೆಯನ್ನು ಪರೀಕ್ಷಿಸಿದರು. ಸಾಧನ ಪಡೆದವರಲ್ಲಿ ಸಾವು ಕಡಿಮೆ ಕಂಡಿತು, ಆಸ್ಪತ್ರೆ ಸೇರುವುದೂ ಒಂದಿಷ್ಟು ಕಡಿಮೆಯಾಯಿತು. ಮನೆಯ ಸೆನ್ಸರ್, ಅಲಾರಂಗಳನ್ನು ಸುಮಾರು 2,600 ಜನರ ಮೇಲೆ ಬೇರೆಯಾಗಿ ನೋಡಿದರು. ಅಲ್ಲಿ ಒಂದು ವರ್ಷದಲ್ಲಿ ಆಸ್ಪತ್ರೆ, ಆರೈಕೆ ಸೇವೆಗಳ ಬಳಕೆಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ನನಗೆ ಈ ಅಂಕಿಗಳಿಗಿಂತ ಮುಖ್ಯ ಅನ್ನಿಸಿದ್ದು, ಬೇಡ ಎಂದವರನ್ನೂ ಅವರು ಮಾತಾಡಿಸಿದ್ದು. ಹಲವರು ತಮ್ಮ ಸ್ಥಿತಿ ಅಷ್ಟೊಂದು ಕೆಟ್ಟಿಲ್ಲ ಎಂದು ಭಾವಿಸಿದ್ದರು. ಸಾಧನ ಒಪ್ಪಿಕೊಂಡರೆ ತಾನು ಅವಲಂಬಿತ ಎಂದು ಒಪ್ಪಿಕೊಂಡ ಹಾಗೆ ಎಂಬ ಅನಿಸಿಕೆ ಇತ್ತು. ಇರುವ ನರ್ಸ್, ಇರುವ ವೈದ್ಯರ ಜೊತೆಗಿನ ಒಡನಾಟ ಕೆಡುತ್ತದೆ ಎಂಬ ಆತಂಕವೂ ಇತ್ತು. ಬೇಡ ಎಂದವರನ್ನು ತಂತ್ರಜ್ಞಾನ ಗೊತ್ತಿಲ್ಲದವರು ಎಂದು ಬದಿಗೆ ಸರಿಸುವ ಮೊದಲು ಈ ಮಾತುಗಳನ್ನು ಓದಬೇಕು.

ಟ್ರಿಶ್ ಗ್ರೀನ್‌ಹಾಲ್ ಎಂಬ ವೈದ್ಯೆ ಮತ್ತು ಅವರ ತಂಡ ಹಿರಿಯರ ಮನೆಗಳಿಗೇ ಹೋಗಿ ಇಂಥ ಸಾಧನಗಳು ಹೇಗೆ ಬಳಕೆಯಾಗುತ್ತವೆ ಎಂದು ನೋಡಿದರು. ಕೊಟ್ಟ ಹಾಗೇ ಬಳಸಿದ ಸಾಧನ ಕೆಲಸಕ್ಕೆ ಬಂದದ್ದು ಕಡಿಮೆ. ಕೆಲಸಕ್ಕೆ ಬಂದದ್ದು, ಆ ಮನುಷ್ಯರನ್ನು ಚೆನ್ನಾಗಿ ಬಲ್ಲ ಯಾರೋ ಒಬ್ಬರು ಅದನ್ನು ಒಂಚೂರು ತಿದ್ದಿ, ಟೇಪ್ ಅಂಟಿಸಿ, ಜಾಗ ಬದಲಿಸಿ ಹೊಂದಿಸಿಕೊಟ್ಟಾಗ. ರಿಮೋಟಿನ ಬೇಡದ ಬಟನ್‌ಗಳ ಮೇಲೆ ಅಂಟಿಸಿದ ಕಾಗದವನ್ನು ನೀವೂ ಎಲ್ಲೋ ನೋಡಿರುತ್ತೀರಿ. ನಮ್ಮ ಆ್ಯಪ್‌ಗಳಲ್ಲಿ ಅಂಥ ಕಾಗದ ಅಂಟಿಸಲು ಜಾಗವೇ ಇರುವುದಿಲ್ಲ. ಜಾಗ ಬಿಡಬೇಕು. ಹೊಂದಿಸಿಕೊಡುವ ಆ ಒಬ್ಬರ ಸಮಯಕ್ಕೂ ಯೋಜನೆಯಲ್ಲೇ ಹಣ ಇಡಬೇಕು. ಸಾಧನಕ್ಕೆ ಮಾತ್ರ ಹಣ ಇಟ್ಟು ಮನುಷ್ಯರಿಗೆ ಇಡದ ಯೋಜನೆಗಳು ಕಪಾಟು ಸೇರುತ್ತವೆ.

ಇನ್ನೊಂದು ವಿಷಯ, ಇದು ಪೂರ್ತಿ ತಂತಿಗಳಿಗೆ ಸಂಬಂಧಿಸಿದ್ದು. ಹಳೆಯ ತಾಮ್ರದ ಫೋನ್ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು, ಅದಕ್ಕೆ ಜೋಡಿಸಿದ ಅಲಾರಂ ಕೂಡ. ಡಿಜಿಟಲ್ ಲೈನ್ ಹಾಗಲ್ಲ. ರೌಟರ್ ಆಫ್ ಆದರೆ ಎಲ್ಲವೂ ಆಫ್. ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಜನ ಇಂಥ ಅಲಾರಂ ಸೇವೆಗಳನ್ನು ನೆಚ್ಚಿಕೊಂಡಿದ್ದಾರೆ. ಅಲ್ಲಿ ತಾಮ್ರದ ಲೈನನ್ನು ಡಿಜಿಟಲ್‌ಗೆ ಬದಲಿಸುವಾಗ ಕೆಲವರ ಅಲಾರಂ ಕೆಲಸ ಮಾಡದೆ ಗಂಭೀರ ಘಟನೆಗಳು ನಡೆದವು. 2023ರ ಡಿಸೆಂಬರಿನಲ್ಲಿ ಫೋನ್ ಕಂಪನಿಗಳು ಬಲವಂತದ ಬದಲಾವಣೆಯನ್ನು ತಡೆಹಿಡಿಯಲು ಒಪ್ಪಬೇಕಾಯಿತು, ಆಮೇಲೆ ಹಳೆಯ ಜಾಲ ಮುಚ್ಚುವ ಗಡುವು 2027ರ ಜನವರಿಗೆ ಹೋಯಿತು. ಅಲಾರಂ ಮಾಡಿದವರದೂ ತಪ್ಪಿರಲಿಲ್ಲ, ಲೈನ್ ಬದಲಿಸಿದವರದೂ ಅವರವರ ಮಟ್ಟಿಗೆ ಸರಿಯೇ. ಕೊನೆಯಲ್ಲಿ ಬಟನ್ ಒತ್ತಿದವರಿಗೆ ಮಾತ್ರ ಉತ್ತರ ಬರಲಿಲ್ಲ. ಲೈನ್ ಸತ್ತಿದೆ ಎಂಬ ಸುದ್ದಿಯೂ ಮೊದಲು ಹೋಗಬೇಕಾದದ್ದು ಅವರಿಗೇ. "ಈಗ ನಾನು ಕೆಲಸ ಮಾಡುತ್ತಿಲ್ಲ" ಎಂದು ಜೋರಾಗಿ ಹೇಳಲು ಬಾರದ ಸಾಧನವನ್ನು ಯಾರ ಮನೆಗೂ ಕೊಡಬಾರದು.

ನನ್ನ ವಾದಕ್ಕೆ ಬರುವ ಅತಿ ಗಟ್ಟಿಯಾದ ಆಕ್ಷೇಪಣೆ ಮರೆವಿನ ಕಾಯಿಲೆಯದು. ಡಿಮೆನ್ಶಿಯಾ ಇರುವವರಿಗೆ ಸುದ್ದಿ ಮೊದಲು ಹೋದರೆ ಏನು ಪ್ರಯೋಜನ? ಒಲೆ ಆರಿಸಿದ್ದೇನಾ ಎಂಬುದು ನೆನಪಿಲ್ಲದವರನ್ನು, "ಒಲೆ ಉರಿಯುತ್ತಿದೆ, ಆರಿಸಲಾ?" ಎಂದು ಕೇಳಿ ಕೂರಲು ಆಗುತ್ತದಾ? ಇದು ನಿಜವಾದ ಕಷ್ಟ. ಒಲೆ ತಾನಾಗಿ ಆರುವ ವ್ಯವಸ್ಥೆ ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಡಿಮೆನ್ಶಿಯಾ ಒಂದೇ ದಿನ ಪೂರ್ತಿ ಬಂದುಬಿಡುವುದಿಲ್ಲ. ವರ್ಷಗಳ ಕಾಲ ಒಂದು ಹೊತ್ತು ಚೆನ್ನಾಗಿ, ಒಂದು ಹೊತ್ತು ಮಸುಕಾಗಿ ಇರುತ್ತದೆ. ಚೆನ್ನಾಗಿರುವ ಹೊತ್ತಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಬಹುದಾದ ವಿಷಯಗಳು ಬಹಳ. ಈಗಿನ ಆ್ಯಪ್‌ಗಳು ಒಂದೇ ಸಲ, ಇನ್‌ಸ್ಟಾಲ್ ಮಾಡುವಾಗ, ಅದೂ ಎಷ್ಟೋ ಸಲ ಮಕ್ಕಳ ಬೆರಳಿನಿಂದ "ಒಪ್ಪಿದ್ದೇನೆ" ಒತ್ತಿಸಿಕೊಂಡು ಅದನ್ನೇ ಜೀವನಪೂರ್ತಿಯ ಒಪ್ಪಿಗೆ ಎಂದು ಇಟ್ಟುಕೊಳ್ಳುತ್ತವೆ. ಒಪ್ಪಿಗೆಯನ್ನು ಆಗಾಗ ಮತ್ತೆ ಕೇಳಬೇಕು. ಒಂದೊಂದು ವಿಷಯಕ್ಕೆ ಬೇರೆ ಬೇರೆಯಾಗಿ ಕೇಳಬೇಕು. "ಇವತ್ತು ನಿಮ್ಮ ಮಾಹಿತಿಯನ್ನು ಯಾರು ನೋಡಿದರು" ಎಂಬ ಪುಟ ಮೊದಲ ಪರದೆಯಲ್ಲೇ ಇರಬೇಕು.

ದೊಡ್ಡಮ್ಮನ ಜೊತೆ ಕೂತು ಅಂಥ ಒಂದು ಪಟ್ಟಿ ಬರೆದಿದ್ದೇವೆ. ಅವರಿಗೆ ಮರೆವಿನ ಕಾಯಿಲೆ ಇಲ್ಲ, ಮುಂದೆ ಬಂದರೆ ಬೇಕಾಗುತ್ತದೆ ಎಂದು ಅವರೇ ಮುಂದಾಗಿ ಹೇಳಿ ಬರೆಸಿದ್ದು. ಬಚ್ಚಲುಮನೆಯಲ್ಲಿ, ಮಲಗುವ ಕೋಣೆಯಲ್ಲಿ ಕ್ಯಾಮೆರಾ ಯಾವ ಕಾಲಕ್ಕೂ ಬೇಡ. ಓಡಾಟದ ಸೆನ್ಸರ್ ಈಗಲೇ ಹಾಕಬಹುದು, ಆದರೆ ರಾತ್ರಿ ಎಷ್ಟು ಸಲ ಎದ್ದರು ಎಂಬುದು ಮಗನಿಗೆ ಕಾಣಬಾರದು, ವೈದ್ಯರಿಗೆ ಕಾಣಲಿ. ಎರಡು ಸಲ ಒಲೆ ಮರೆತರೆ ಅದು ತಾನಾಗಿ ಆರುವಂತೆ ಮಾಡಿ, ಮೂರನೆಯ ಸಲಕ್ಕೆ ಕಾಯಬೇಡಿ. ಆಸ್ಪತ್ರೆಗೆ ಹೋದರೆ ವಾಪಸ್ ಮನೆಗೇ ಕರೆತರಲು ಮೊದಲು ಪ್ರಯತ್ನಿಸಿ. ಮಗ ಎಲ್ಲಕ್ಕೂ ಸಹಿ ಹಾಕಿದ. ಹೊರಗೆ ಹೋದಾಗ ಎಲ್ಲಿದ್ದೇನೆ ಎಂದು ತೋರಿಸುವ ಜಿಪಿಎಸ್ ಬಗ್ಗೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದರ ಎದುರಿನ ಜಾಗವನ್ನು ಖಾಲಿ ಬಿಡಿ, ಮುಂದಿನ ಸಲ ಬಂದಾಗ ಮತ್ತೆ ಕೇಳಿ ಎಂದಿದ್ದಾರೆ.